ಮೇಯರ್ ಮುಂದೆ ನಡೆಯುವವನು

ಮೇ 14, 2025, ಬುಧವಾರ

ಇವತ್ತು ಸುಳ್ಳು ಹೇಳಿದೆ. ಹಸಿವಿಗೆ ಹೇಳಿದ್ದಲ್ಲ, ಪೊಲೀಸರ ಲಾಠಿಗೆ ಹೆದರಿ ಹೇಳಿದ್ದಲ್ಲ. ಕಾರ್ಪೆಟ್ ಹಾಸಿದ ಕಾರಿಡಾರಿನಲ್ಲಿ ಬಿಳಿ ಕೈಗವಸು ತೊಟ್ಟು ನಿಂತಿದ್ದಾಗ, ಒಬ್ಬ ದೊಡ್ಡ ಮನುಷ್ಯ ನಗುತ್ತ ಮಾತಾಡಿಸಿದ ಎಂಬ ಒಂದೇ ಕಾರಣಕ್ಕೆ ಹೇಳಿದೆ.

ಲಂಡನ್ನಿನ ಈ ಭಾಗದ ಕೌನ್ಸಿಲ್ಲಿನ ವಾರ್ಷಿಕ ಸಭೆ. ಹೊಸ ಮೇಯರ್ ಡಾಕ್ಟರ್ ಉದಯಶಂಕರ್. ಧಾರವಾಡದವರು, ಮೂವತ್ತು ವರ್ಷದಿಂದ ಲಂಡನ್ನಿನ ಆಸ್ಪತ್ರೆಗಳಲ್ಲಿ ಹೃದಯದ ಡಾಕ್ಟರು. ನಮ್ಮಲ್ಲಿ ಮೇಯರಗಿರಿ ಒಂದು ವರ್ಷದ್ದು. ಅಧಿಕಾರ ಕಡಿಮೆ, ಕೆಂಪು ನಿಲುವಂಗಿ ಮತ್ತು ಚಿನ್ನದ ಸರದ ಭಾರ ಜಾಸ್ತಿ. ಅವರು ಸಭೆಗೆ ಬರುವಾಗ ಬೆಳ್ಳಿಯ ಗದೆಯನ್ನು ಹೆಗಲಿಗಿಟ್ಟು ಮುಂದೆ ನಡೆಯುವುದು ನನ್ನ ನೌಕರಿ. ಹನ್ನೊಂದು ವರ್ಷದಲ್ಲಿ ಇವರು ಹನ್ನೊಂದನೆಯವರು.

ಸಭೆ ಮುಗಿಯಿತು. ಸೆಕ್ರೆಟರಿ ನನ್ನ ಹೆಸರು ಹಿಡಿದು ಕರೆದದ್ದು ಮೇಯರ್ ಕಿವಿಗೆ ಬಿತ್ತು.

"ಬಸವಂತಪ್ಪ? ನಮ್ಮ ಕಡಿಯವ್ರೇನ್ರಿ ನೀವು? ಯಾವೂರು?"

"ಹಾವೇರಿ ಹತ್ರ ಕೊಡ್ಲಿಹಾಳ ರೀ."

"ಕೊಡ್ಲಿಹಾಳ? ನಮ್ಮ ಕಾಕಾ ಅಲ್ಲೇ ಸಾಲಿ ಮಾಸ್ತರ ಇದ್ರು ನೋಡ್ರಿ. ಯಾರ ಪೈಕಿ ನೀವು?"

ಯಾರ ಪೈಕಿ. ಈ ಪ್ರಶ್ನೆಗೆ ಹೇಗೆ ಉತ್ತರ ಕೊಡಬೇಕೆಂದು ದಲಿತ ಸಂಘಟನೆಯ ಶಿಬಿರದಲ್ಲಿ ನಮಗೆ ಪಾಠವಾಗಿತ್ತು. ಎದೆ ಸೆಟೆಸು, ಕೇರಿಯ ಹೆಸರು ಹೇಳು, ಕೇಳಿದವನ ಕಣ್ಣು ತಗ್ಗುವವರೆಗೆ ನಿನ್ನ ಕಣ್ಣು ಕದಲಬಾರದು. ಆ ಪಾಠವನ್ನು ನಾನೇ ಮುಂದೆ ನೂರಾರು ಹುಡುಗರಿಗೆ ಹೇಳಿಕೊಟ್ಟಿದ್ದೇನೆ.

"ಶಿವನಗೌಡ್ರ ಪೈಕಿ ರೀ," ಅಂದೆ.

ಶಿವನಗೌಡನ ಹೊಲದಲ್ಲಿ ನಮ್ಮವ್ವ ಕಳೆ ಕಿತ್ತಳು. ಆ ಮನೆಯ ಹಿತ್ತಲ ಬಾಗಿಲು ನನಗೆ ಗೊತ್ತು, ತಲಬಾಗಿಲು ಗೊತ್ತಿಲ್ಲ.

"ದೊಡ್ಡ ಮನಿತನ ಬಿಡ್ರಿ ಅದು," ಎಂದು ಮೇಯರ್ ನನ್ನ ಕೈ ಹಿಡಿದು ಕುಲುಕಿದರು. ಕೈಗವಸಿನ ಒಳಗೆ ನನ್ನ ಬೆರಳು ಒದ್ದೆಯಾಗಿದ್ದವು.

ಮೇ 16, ಶುಕ್ರವಾರ

ರತ್ನವ್ವನಿಗೆ ಹೇಳಲಿಲ್ಲ. ಹೆಂಡತಿ ಆಸ್ಪತ್ರೆಯಲ್ಲಿ ನರ್ಸು. ಅವಳ ವೀಸಾದ ಬಾಲ ಹಿಡಿದೇ ನಾನು ಈ ದೇಶಕ್ಕೆ ಬಂದವನು. ಕ್ವೀನ್ಸ್‌ಬರಿಯ ಈ ಫ್ಲ್ಯಾಟು ಅವಳ ದುಡಿಮೆಯದು. "ಹೊಸ ಮೇಯರ್ ನಮ್ಮ ಕಡಿಯವರಂತ, ಹೆಂಗದಾರ?" ಎಂದು ಕೇಳಿದಳು. "ಛಲೋ ಅದಾರ," ಅಂದೆ. ಅಷ್ಟು ನಿಜ.

ಇಲ್ಲಿ ನನ್ನ ಹೊರತು ಯಾರೂ ಓದುವುದಿಲ್ಲ. ಹಾಗಾಗಿ ಬರೆದಿಡುತ್ತೇನೆ. ನಾವು ಚಲವಾದಿಗಳು. ಊರ ಮೆರವಣಿಗೆಯಲ್ಲಿ ಹಿತ್ತಾಳೆಯ ಗಂಟೆಬಟ್ಟಲು ಹಿಡಿದು ದೊಡ್ಡವರ ಮುಂದೆ ನಡೆಯುವುದು ಅಪ್ಪನ ಪಾಲಿಗೆ ಬಂದಿತ್ತು. ಮುಂದೆ ನಡೆಯಬೇಕು, ಆದರೆ ಎಲ್ಲರೂ ಉಂಡಾದ ಮೇಲೆ ಉಣ್ಣಬೇಕು. ನನಗೆ ಹತ್ತೊಂಬತ್ತು ತುಂಬಿದಾಗ ಆ ಗಂಟೆಬಟ್ಟಲನ್ನು ಹಾಳುಬಾವಿಗೆ ಎಸೆದು, "ಇನ್ನ ಮ್ಯಾಲೆ ನಮ್ಮ ಮನ್ಯಾಗಿನವರು ಯಾರ ಮುಂದೂ ನಡಿಯೂದಿಲ್ಲ," ಎಂದು ಕೂಗಿದ್ದೆ. ಮರುವರ್ಷ ಅಪ್ಪನನ್ನು ಮೆರವಣಿಗೆಗೆ ಕರೆಯಲಿಲ್ಲ, ಸುಗ್ಗಿಯಲ್ಲಿ ಜೋಳವನ್ನೂ ಕೊಡಲಿಲ್ಲ.

ನಾನು ಈಗ ಗದೆ ಹೊತ್ತು ನಡೆಯುತ್ತೇನೆ. ಸಂಬಳ ಬರುತ್ತದೆ, ಪಿಂಚಣಿ ಬರುತ್ತದೆ, ಯಾರೂ ಹಿತ್ತಲಲ್ಲಿ ಕೂರಿಸುವುದಿಲ್ಲ. ಎರಡೂ ಒಂದೇ ಅಲ್ಲ ಎಂದು ಹನ್ನೊಂದು ವರ್ಷದಿಂದ ನನಗೆ ನಾನೇ ಭಾಷಣ ಮಾಡಿಕೊಳ್ಳುತ್ತಿದ್ದೇನೆ. ಒಳ್ಳೆಯ ಭಾಷಣ. ಮೊನ್ನೆಯವರೆಗೆ ಚಪ್ಪಾಳೆಯೂ ಬೀಳುತ್ತಿತ್ತು.

ಜೂನ್ 3, ಮಂಗಳವಾರ

ನಮ್ಮ ಬರೋ, ಅಂದರೆ ಈ ಕೌನ್ಸಿಲ್ ನೋಡಿಕೊಳ್ಳುವ ನಗರದ ಭಾಗ, ಹುಟ್ಟಿ ಅರವತ್ತು ವರ್ಷ. ಇಲ್ಲಿಯವರೆಗಿನ ಎಲ್ಲ ಮೇಯರ್‌ಗಳ ಇತಿಹಾಸ ಹೇಳುವ ಪ್ರದರ್ಶನವೊಂದನ್ನು ಸೆಪ್ಟೆಂಬರಿನಲ್ಲಿ ಟೌನ್‌ಹಾಲಿನ ಕಾರಿಡಾರಿನಲ್ಲಿ ಇಡುತ್ತಾರಂತೆ. ಒಬ್ಬೊಬ್ಬರಿಗೆ ಒಂದು ಫಲಕ: ಫೋಟೋ, ಹೆಸರು, ವರ್ಷ, ನೂರು ಪದ. ಬರೆಯುವ ಕೆಲಸ ನನಗೆ ಬಿತ್ತು. "ನಮ್ಮ ಗೌಡ್ರಿಗೆ ಕೊಡ್ರಿ, ಅವರು ಓದಿದವರಿದ್ದಾರ," ಎಂದು ಮೇಯರೇ ಹೇಳಿದ್ದು.

ಹೌದು, ಈಗ ನಾನು ಗೌಡ್ರು.

ಕೆಟ್ಟವರಾಗಿದ್ದರೆ ಬೈದುಕೊಂಡು ಹಗುರಾಗಬಹುದಿತ್ತು. ನನ್ನ ಬಿ.ಪಿ. ನೋಡಿ ಮಾತ್ರೆ ಬದಲಿಸಿಕೊಳ್ಳಲು ಚೀಟಿ ಬರೆದುಕೊಟ್ಟರು. ಮಧ್ಯಾಹ್ನ ತಮ್ಮ ಡಬ್ಬಿ ಬಿಚ್ಚಿ, "ಬರ್ರಿ ಗೌಡ್ರ, ಜ್ವಾಳದ ರೊಟ್ಟಿ ಅದ, ಝುಣಕ ಅದ. ಈ ಸ್ಯಾಂಡ್‌ವಿಚ್ ತಿಂದು ಎಷ್ಟ ದಿನಾ ಬದುಕ್ತೀರಿ," ಎಂದು ತಮ್ಮ ಕೈಯಿಂದಲೇ ಮುರಿದು ಕೊಟ್ಟರು. ತಿಂದೆ. ರುಚಿಯಾಗಿತ್ತು. ನಿಜ ಹೇಳಿದ್ದರೂ ಕೊಡುತ್ತಿದ್ದರೋ ಇಲ್ಲವೋ. ಪ್ರತಿ ತುತ್ತಿಗೂ ಇದೇ ಪ್ರಶ್ನೆ. ಇದಕ್ಕೆ ಉತ್ತರ ತಿಳಿಯುವ ದಾರಿಯನ್ನು ಮೇ ಹದಿನಾಲ್ಕರಂದು ನಾನೇ ಮುಚ್ಚಿದ್ದೇನೆ.

ಜೂನ್ 19, ಗುರುವಾರ

ಎಷ್ಟೋ ವರ್ಷದ ಮೇಲೆ ಪೆನ್ನು ಓಡುತ್ತಿದೆ.

ಎರಡು ವಾರದಿಂದ ನೆಲಮಾಳಿಗೆಯಲ್ಲಿ ಹಳೆಯ ಕಡತಗಳ ನಡುವೆ ಇದ್ದೇನೆ. ಮೇಯರ್‌ಗಳೆಂದರೆ ಒಂದು ಜಾತ್ರೆಯೇ. ಮೊದಲನೆಯವನು ಮಾಂಸದಂಗಡಿಯ ಮಾಲೀಕ. ಅಧಿಕಾರ ವಹಿಸಿಕೊಂಡ ದಿನವೂ ಬೆಳಿಗ್ಗೆ ಅಂಗಡಿ ತೆರೆದಿದ್ದನಂತೆ. ಎಪ್ಪತ್ತೆರಡರ ಮೇಯರ್ ಉಗಾಂಡಾದಿಂದ ಹೊರಹಾಕಿಸಿಕೊಂಡು ಬರುವ ನಮ್ಮ ದೇಶದ ಮೂಲದ ಜನರಿಗೆ ಇಲ್ಲಿ ಜಾಗವಿಲ್ಲ ಎಂದು ಪತ್ರಿಕೆಗೆ ಹೇಳಿಕೆ ಕೊಟ್ಟ. ಎರಡೇ ವರ್ಷದಲ್ಲಿ ಅದೇ ಜನರ ಅಂಗಡಿ ಉದ್ಘಾಟಿಸಿ ಸಮೋಸ ತಿನ್ನುವ ಫೋಟೋ ಇದೆ. ಒಬ್ಬ ಚಿನ್ನದ ಸರವನ್ನು ಟ್ಯಾಕ್ಸಿಯಲ್ಲಿ ಮರೆತ. ಎಂಬತ್ತನಾಲ್ಕರಲ್ಲಿ ಒಬ್ಬ ರೈಲ್ವೆ ಯೂನಿಯನ್ನಿನವ, ಗಣಿ ಕಾರ್ಮಿಕರ ಮುಷ್ಕರ ಮುಗಿಯುವವರೆಗೆ ಕೆಂಪು ನಿಲುವಂಗಿ ಮುಟ್ಟುವುದಿಲ್ಲ ಎಂದು ಹಟ ಹಿಡಿದ.

ಇವತ್ತು ಸಿಕ್ಕವಳು ಪ್ರಕಾಶ್ ಕೌರ್. ಎಂಬತ್ತೇಳರ ಮೇಯರ್. ಬಸ್ ಕಂಡಕ್ಟರ್ ಆಗಿದ್ದವಳು, ಪಂಜಾಬಿನಿಂದ ಬಂದವಳು. ಅಧಿಕಾರ ವಹಿಸಿಕೊಂಡ ಸಭೆಯ ನಡಾವಳಿಯಲ್ಲಿ ಅವಳ ಮಾತು ಹಾಗೇ ಇದೆ: "ನಾನು ಚಮಾರರ ಮಗಳು. ನಮ್ಮಪ್ಪ ಸತ್ತ ದನದ ಚರ್ಮ ಹದ ಮಾಡುತ್ತಿದ್ದ. ಊರ ಬಾವಿಯ ನೀರು ನಮಗಿರಲಿಲ್ಲ. ಈ ಸರ ಹಾಕಿಕೊಂಡ ಮೇಲೆ ನಾನು ಬೇರೆ ಯಾರೋ ಆದೆ ಎಂದು ದಯವಿಟ್ಟು ಯಾರೂ ತಿಳಿಯಬೇಡಿ."

ಓದಿ ಎದ್ದು ನಿಂತುಬಿಟ್ಟೆ. ನೆಲಮಾಳಿಗೆಯಲ್ಲಿ ಒಬ್ಬನೇ.

ಇನ್ನೂ ಇದೆ. ಗದೆ ಹೊರುವವರು ಪ್ರತಿ ಮೆರವಣಿಗೆಯನ್ನೂ ಒಂದು ವಹಿಯಲ್ಲಿ ಬರೆದಿಡುವುದು ಇಲ್ಲಿನ ಪದ್ಧತಿ, ನಾನೂ ಬರೆಯುತ್ತೇನೆ. ಆಗ ಗದೆ ಹೊರುತ್ತಿದ್ದ ಆರ್ಥರ್ ಎಂಬವನು ಬರೆದಿದ್ದಾನೆ: "ಮೇಯರ್ ಅವರ ಅಪ್ಪಣೆ: ನಾನು ಮುಂದೆ ನಡೆಯಕೂಡದು, ಪಕ್ಕದಲ್ಲಿ ನಡೆಯಬೇಕು. ಸಂಪ್ರದಾಯಕ್ಕೆ ವಿರುದ್ಧ. ದಾರಿಯುದ್ದಕ್ಕೂ ನನ್ನ ಮೊಣಕಾಲು ನೋವಿನ ಬಗ್ಗೆ ವಿಚಾರಿಸಿದರು." ವರ್ಷವಿಡೀ ಹಾಗೇ ನಡೆದಿದ್ದಾರೆ. ಕೊನೆಯ ದಿನ ಆರ್ಥರ್ ಬರೆದದ್ದು ಇಷ್ಟೇ: "ನಾಳೆಯಿಂದ ಮತ್ತೆ ಮುಂದೆ."

ಫಲಕದಲ್ಲಿ ಅವಳ ಮಾತನ್ನೂ ಆರ್ಥರ್ ಬರೆದದ್ದನ್ನೂ ಹಾಗೇ ಹಾಕಿದೆ. ಒಂದಕ್ಷರ ನನ್ನದಿಲ್ಲ.

ಜುಲೈ 1, ಮಂಗಳವಾರ

ಎಲ್ಲ ಬರಹವನ್ನೂ ಮೇಯರ್ ಓದಿದರು.

"ಭಾಳ ಛಂದ ಬರದೀರಿ ಗೌಡ್ರ. ಇದೊಂದು, ಪ್ರಕಾಶ್ ಕೌರ್ ಅವರದು. ಚಮಾರರ ಮಗಳು ಅಂತ ಬರದೀರಲ್ಲ, ಬೇಕೇನ್ರಿ ಅದು?"

"ಅವರ ಹೇಳಿದ ಮಾತು ರೀ. ದಾಖಲೆ ಐತಿ."

"ದಾಖಲೆ ಇರ್ಲಿ. ಸಾಲಿ ಹುಡುಗ್ರು ಬರ್ತಾವ. ಇಂಗ್ರೇಜಿ ಮಂದಿ ಮುಂದ ನಮ್ಮ ಮನಿ ಹೊಲಸು ಯಾಕ ತೋರಸೂದು? ಇಲ್ಲೆಲ್ಲಿ ಅದ ಹೇಳ್ರಿ ಜಾತಿ? ನಾವ್ಯಾರರೆ ಮಾಡ್ತೀವೇನು?"

ಯಾರ ಪೈಕಿ ಎಂದು ಕೇಳಿದ ಬಾಯಿ. ಅದನ್ನು ಹೇಳಬೇಕಿತ್ತು. ನಾಲಿಗೆಯ ತುದಿಗೆ ಬಂದಿತ್ತು. ಆದರೆ ಅದನ್ನು ಹೇಳಿದರೆ ನಾನು ಕೊಟ್ಟ ಉತ್ತರವೂ ಹಿಂದೆಯೇ ಬರುತ್ತದೆ.

"ನಾ ತಗೀರಿ ಅನ್ನೂದಿಲ್ಲ ಮತ್ತ. ನಿಮಗ ಬಿಟ್ಟದ್ದು. ಊರು ಆಳಿದ ಮನಿಯವ್ರು ನೀವು, ನಿಮಗ ತಿಳೀದಿದ್ದೇನದ."

ನಿಮಗೆ ಬಿಟ್ಟದ್ದು ಅಂದರು. ಆ ಮಾತು ಇಲ್ಲಿ ಬರೆದಿರಲಿ. ಮುಂದೆ ಎಂದಾದರೂ ನಾನು ಅವರ ಮೇಲೆ ಹೊರಿಸಲು ಹೊರಟರೆ ಈ ಪುಟ ನನ್ನ ಕಪಾಳಕ್ಕೆ ಹೊಡೆಯಲಿ.

ಜುಲೈ 2, ಬುಧವಾರ

ತೆಗೆದೆ. "ಪಂಜಾಬಿನ ಸಾಧಾರಣ ಕುಟುಂಬದಿಂದ ಬಂದ ಸಮಾಜಸೇವಕಿ" ಎಂದು ಹಾಕಿದೆ. ಆರ್ಥರ್ ಪಕ್ಕದಲ್ಲಿ ನಡೆದದ್ದನ್ನೂ ತೆಗೆದೆ, ಅದು ಬಂದರೆ ಯಾಕೆ ಎಂದು ಕೇಳುತ್ತಾರೆ.

ಜುಲೈ 20, ಭಾನುವಾರ

ಮೇಯರ್ ಮನೆಗೆ ಇವತ್ತು ಊಟಕ್ಕೆ ಕರೆದಿದ್ದರು, ಜೋಡಿಯಾಗಿ ಬರಬೇಕೆಂದು. ನಿನ್ನೆಯವರೆಗೆ ರತ್ನವ್ವನಿಗೆ ನನ್ನ ಸುಳ್ಳಿನ ವಿಷಯ ಹೇಳಿರಲಿಲ್ಲ. ಬೆಳಿಗ್ಗೆ ಅವಳು ಹಸಿರು ಇಳಕಲ್ ಸೀರೆ ಇಸ್ತ್ರಿ ಮಾಡುತ್ತಿದ್ದಳು. ಆಗ ಹೇಳಿದೆ, ನೆಲ ನೋಡಿಕೊಂಡು. ಅಲ್ಲಿ ಕೇಳಿದರೆ ತವರುಮನೆಯದನ್ನೂ ಸ್ವಲ್ಪ ತೇಲಿಸಿ ಹೇಳು ಎಂದೂ ಸೇರಿಸಿದೆ.

ಇಸ್ತ್ರಿಪೆಟ್ಟಿಗೆಯನ್ನು ನಿಲ್ಲಿಸಿದಳು.

"ನೀವು ಗೌಡ್ರಾದ್ರಿ. ಛಲೋ ಆತು. ನಾ ಯಾರು ಹಂಗಾರ?"

"ಅಲ್ಲ ರತ್ನಾ..."

"ಗೌಡ್ರ ಮನ್ಯಾಗ ನಮ್ಮ ಕೇರಿ ಹೆಣ್ಮಕ್ಕಳು ಎದಕ್ಕ ಇರ್ತಿದ್ರು ಅಂತ ನನಗೂ ಗೊತ್ತೈತಿ, ನಿಮಗೂ ಗೊತ್ತೈತಿ. ಗೌಡ ಇಟ್ಕೊಂಡಾಕಿ ಅಂತ ಹೇಳ್ತೀರೇನು ಅಲ್ಲಿ?"

ನಾನು ಇಸ್ತ್ರಿಪೆಟ್ಟಿಗೆಯ ಪ್ಲಗ್ಗು ತೆಗೆದೆ.

"ಇಪ್ಪತ್ತಾರು ವರ್ಷ ಆತು, ಈ ದೇಶದಾಗ ಕಂಡಕಂಡವರ ಹೇಲು ಬಳದೀನಿ. ಯಾವ ಜಾತಿ ಅಂತ ಒಬ್ರನ್ನೂ ಕೇಳಿಲ್ಲ, ನನಗ ಕೇಳಿದವರಿಗೆ ಒಂದು ದಿನ ಸುಳ್ಳು ಹೇಳಿಲ್ಲ. ಮದಿವಿ ಮುಂಚೆ ಸ್ಟೇಜ್ ಮ್ಯಾಲೆ ನಿಂತು ಕೂಗ್ತಿದ್ರಲ್ಲ, ಆ ಮನಿಶ್ಯಾನ್ನ ನೋಡಿ ಮಾಡಿಕೊಂಡೆ ನಾ. ಅಂವ ಎಲ್ಲ್ಯದಾನ, ಹುಡುಕಿ ತರ್ರಿ ಹೋಗ್ರಿ."

ಸೀರೆಯನ್ನು ಮಡಚಿ ಕಪಾಟಿಗಿಟ್ಟು, ಯಾರದೋ ಶಿಫ್ಟ್ ತಾನು ಮಾಡುತ್ತೇನೆಂದು ಫೋನು ಮಾಡಿ ಆಸ್ಪತ್ರೆಗೆ ಹೋದಳು. ನಾನು ಮೇಯರಿಗೆ ಜ್ವರ ಎಂದು ಮೆಸೇಜು ಕಳಿಸಿದೆ. "ಪ್ಯಾರಾಸಿಟಮಾಲ್ ತಗೋರಿ ಗೌಡ್ರ, ನೀರು ಭಾಳ ಕುಡೀರಿ," ಎಂದು ಉತ್ತರ ಬಂತು.

ಸೆಪ್ಟೆಂಬರ್ 12, ಶುಕ್ರವಾರ

ಪ್ರದರ್ಶನ ತೆರೆಯಿತು. ನಾನು ಕರಿಕೋಟು ತೊಟ್ಟು, ಗದೆ ಹಿಡಿದು, ಬಾಗಿಲಲ್ಲಿ ಗೊಂಬೆಯಂತೆ ನಿಂತಿದ್ದೆ.

ಪ್ರಕಾಶ್ ಕೌರ್ ಬದುಕಿದ್ದಾಳೆ. ಎಂಬತ್ತೊಂಬತ್ತು. ಅದನ್ನು ವಿಚಾರಿಸುವ ಬುದ್ಧಿ ನನಗಿರಲಿಲ್ಲ. ಕಡತದಲ್ಲಿದ್ದವಳು ಕಡತದಲ್ಲೇ ಇರುತ್ತಾಳೆ ಅಂದುಕೊಂಡಿದ್ದೆ. ಮಗಳ ತೋಳು ಹಿಡಿದು ಒಂದೊಂದೇ ಫಲಕ ದಾಟಿ ಬಂದಳು. ತನ್ನದರ ಮುಂದೆ ನಿಂತು, ಕನ್ನಡಕವನ್ನು ಹಣೆಗೇರಿಸಿ, ಗೋಡೆಗೆ ಮೂಗು ತಾಗುವಷ್ಟು ಹತ್ತಿರ ಹೋಗಿ ಓದಿದಳು.

"ಯಾರಿದು?" ಎಂದು ಮಗಳನ್ನು, ನನ್ನ ಹರಕು ಹಿಂದಿಗೂ ತಿಳಿಯುವಂಥ ಪಂಜಾಬಿಯಲ್ಲಿ ಕೇಳಿದಳು.

"ನೀನೇ ಅಮ್ಮಾ."

"ಅಲ್ಲ. ಇವಳು ಯಾರೋ ಒಳ್ಳೆಯ ಹೆಂಗಸು." ಆಮೇಲೆ ತಿರುಗಿ, ಎಲ್ಲರಿಗೂ ಕೇಳುವಂತೆ ಇಂಗ್ಲಿಷಿನಲ್ಲಿ, "ಬರೆದವರು ಯಾರು?"

ಮೇಯರ್ ನನ್ನ ಕಡೆ ನೋಡಿದರು. ಒಂದು ಕ್ಷಣ, ಅಷ್ಟೇ. ನಾನು ಎದುರಿನ ಗೋಡೆಯನ್ನು ನೋಡುತ್ತಿದ್ದೆ. ಗದೆ ಹಿಡಿದವನು ಅಲುಗಬಾರದು, ಮಾತಾಡಬಾರದು ಎಂಬ ನಿಯಮವಿದೆ. ಅಂಥ ನಿಯಮ ಎಷ್ಟು ಬೆಚ್ಚಗಿರುತ್ತದೆ.

"ನಮ್ಮ ಕಚೇರಿಯವರು ಮೇಡಂ. ಏನಾದರೂ ತಪ್ಪಾಗಿದೆಯೇ?" ಎಂದರು ಮೇಯರ್.

"ಬರೆದದ್ದರಲ್ಲಿ ತಪ್ಪಿಲ್ಲ," ಅಂದಳು. ಚಹಾ ಕುಡಿಯದೆ ಹೋದಳು.

ಸೆಪ್ಟೆಂಬರ್ 13, ಶನಿವಾರ

ಹಲ್ಲು ಕೂಡ ಉಜ್ಜಲಿಲ್ಲ.

ಸೆಪ್ಟೆಂಬರ್ 21, ಭಾನುವಾರ

ಕಚೇರಿಯವರು ಮಾಡಿದ್ದ ಆಮಂತ್ರಣದ ಪಟ್ಟಿಯಲ್ಲಿ ಪ್ರಕಾಶ್ ಕೌರ್ ವಿಳಾಸವಿತ್ತು. ಫಲಕದ ಕತೆಯೆಲ್ಲ ಹೇಳಿ ರತ್ನವ್ವನನ್ನು ಜೊತೆಗೆ ಬಾ ಎಂದೆ. "ಒಬ್ಬರ ಹೋಗ್ರಿ. ಅಳಸೂವಾಗ ನನ್ನ ಕರದಿದ್ರೇನು?" ಅಂದಳು. ಜುಲೈ ತಿಂಗಳ ಆ ದಿನದಿಂದ ನನ್ನೊಡನೆ ಆಡಿದ ಅತಿ ಉದ್ದದ ಮಾತು ಅದು.

ನಾನು ಹೋದಾಗ ಮುದುಕಿ ಶಬ್ದ ನಿಲ್ಲಿಸಿ ಟಿವಿಯಲ್ಲಿ ಕ್ರಿಕೆಟ್ ನೋಡುತ್ತಿದ್ದಳು. ನಾನು ನಿಂತೇ ಹೇಳಿದೆ: ಬರೆದವನು ನಾನು, ಮೊದಲು ಸರಿಯಾಗಿ ಬರೆದವನೂ ನಾನೇ, ಅಳಿಸಿದವನೂ ನಾನೇ. ನನ್ನ ಕೇರಿ ಹೇಳಿದೆ. ಗೌಡನಾದದ್ದನ್ನೂ ಹೇಳಿದೆ. ನನ್ನ ಹರಕು ಹಿಂದಿಯಲ್ಲಿ ಎಲ್ಲವೂ ಇನ್ನಷ್ಟು ಬತ್ತಲೆಯಾಗಿ ಕೇಳಿಸಿತು.

"ಯಾರಾದರೂ ಹೆದರಿಸಿದರಾ?"

"ಇಲ್ಲ."

"ಕೆಲಸ ಹೋಗುತ್ತಿತ್ತಾ?"

"ಇಲ್ಲ."

"ಮತ್ತೆ?"

"ಅವರು ತಮ್ಮ ಡಬ್ಬಿಯಿಂದ ರೊಟ್ಟಿ ಕೊಡುತ್ತಿದ್ದರು," ಅಂದೆ.

ಮುದುಕಿ ನಗತೊಡಗಿದಳು. ನಕ್ಕು ನಕ್ಕು ಕೆಮ್ಮು ಹತ್ತಿ ಮಗಳು ಒಳಗಿನಿಂದ ನೀರು ತಂದಳು. ಕುಡಿದು ಕಣ್ಣೊರೆಸಿಕೊಂಡಳು. ಆಗಲೂ ನನ್ನನ್ನು ಕೂರು ಎನ್ನಲಿಲ್ಲ.

"ನಾನು ಮೇಯರ್ ಆದ ವರ್ಷ ವಾರಕ್ಕೆ ಎರಡು ಪತ್ರ ಬರುತ್ತಿದ್ದವು. ಬಿಳಿಯರದ್ದಲ್ಲ, ನಮ್ಮವರದ್ದು. ಪಂಜಾಬಿಯಲ್ಲಿ. ಚಮಾರಿಗೆ ಸರ ಹಾಕಿ ನಮ್ಮ ಮಾನ ಕಳೆದಿರಿ ಎಂದು. ಒಂದಕ್ಕೂ ಸಹಿ ಇರಲಿಲ್ಲ. ಅವರೆಲ್ಲ ಗುರುದ್ವಾರದಲ್ಲಿ, ಬಸ್‌ಸ್ಟಾಪಿನಲ್ಲಿ ನನಗೆ ನಮಸ್ಕಾರ ಮಾಡುತ್ತಿದ್ದವರೇ. ಹೆಸರಿಲ್ಲದೆ ಮಾಡುವವರ ಕಾಟ ನನಗೆ ಸಾಕಾಗಿದೆ. ನನ್ನ ಮಾತನ್ನು ಗೋಡೆಗೆ ವಾಪಸು ಹಾಕು. ತೆಗೆದವರು ಯಾರು ಅಂತ ಕೆಳಗೆ ಬರೆದು ಸಹಿ ಮಾಡು."

ಕ್ಷಮಿಸಿ ಎಂದೆ.

"ಅದನ್ನು ನಾನು ಕೇಳಲಿಲ್ಲ," ಎಂದು ಟಿವಿಗೆ ಶಬ್ದ ಕೊಟ್ಟಳು.

ಸೆಪ್ಟೆಂಬರ್ 24, ಬುಧವಾರ

ಸಂಜೆ ಕೌನ್ಸಿಲ್ ಸಭೆ. ಅದಕ್ಕೂ ಮೊದಲು, ಮೇಯರಿಗೆ ನಿಲುವಂಗಿ ತೊಡಿಸುವಾಗ ಹೇಳಿದೆ. ಬೆನ್ನ ಹಿಂದೆ ನಿಂತು ಹೇಳುವುದು ಬೇಡವೆಂದು ಮುಂದೆ ಬಂದು ನಿಂತೆ.

"ಸರ್, ನಾ ಶಿವನಗೌಡ್ರ ಪೈಕಿ ಅಲ್ರಿ. ಚಲವಾದಿ ಮಲ್ಲಪ್ಪನ ಮಗ. ಕೌರ್ ಅವರ ಫಲಕ ಮೊದಲಿನಂಗ ಮಾಡಾಕ್ಹತ್ತೀನಿ. ತಗದದ್ದು ನಾ ಅಂತ ನನ್ನ ಹೆಸರು ಹಾಕ್ತೀನಿ."

ಅವರ ಕೈ ಸರದ ಕೊಂಡಿಯ ಮೇಲೆ ನಿಂತಿತು.

"ಮದಲ ಹೇಳಬೇಕಿತ್ತಲ್ರಿ ಬಸವಂತಪ್ಪನವರ," ಅಂದರು. "ಊರಾಗ ನಮ್ಮ ಕಾಕಾಗ ಫೋನ್ ಮಾಡಿ ಹೇಳಿದ್ದೆ, ಶಿವನಗೌಡ್ರ ಮನಿಯವ್ರು ಇಲ್ಲೆ ಸಿಕ್ಕಾರಂತ. ನನ್ನ ಮಾರಿ ಏನಾತು ಈಗ? ನಾ ಅಂಥಾದ್ದೆಲ್ಲ ನೋಡಾಂವ ಅಲ್ಲ, ನಿಮಗ ಗೊತ್ತದ. ಸುಳ್ಳು ಹೇಳಿದ್ರಲ್ಲ, ಅದು ಮನಸ್ಸಿಗೆ ಹತ್ತಿತು."

ಅವರ ಮುಖ ಕೆಂಪಾಗಿತ್ತು. ಜಾತಿಗೆ ಕೆಂಪಾಯಿತೋ ಸುಳ್ಳಿಗೆ ಕೆಂಪಾಯಿತೋ ಹೇಗೆ ಹೇಳಲಿ. ಇಂಥ ಹೊತ್ತಿನಲ್ಲಿ ಎದುರಿನವನ ಮುಖ ಓದುವ ವಿದ್ಯೆ ನಮಗೆ ಹುಟ್ಟಿನಿಂದ ಬಂದದ್ದು. ನಾನು ಸುಳ್ಳು ಹೇಳಿ ಅದನ್ನೂ ಕಳೆದುಕೊಂಡೆ. ಅವರು ನಿಜವಾಗಿ ನೊಂದಿದ್ದರೆ ನೋಯಿಸಿದವನು ನಾನು. ನೊಂದಿಲ್ಲದಿದ್ದರೆ, ಅವರಿಗೆ ಅಡಗಲು ಜಾಗ ಕೊಟ್ಟವನೂ ನಾನು.

"ಫಲಕ ನಿಮಗ ಬಿಟ್ಟದ್ದು ಅಂದಿದ್ದೆ. ಈಗೂ ಬಿಟ್ಟದ್ದು. ನಡೀರಿ, ಟೈಮ್ ಆತು," ಅಂದರು.

ಗದೆ ಎತ್ತಿಕೊಂಡು ಮುಂದೆ ನಡೆದೆ. ವಹಿಯಲ್ಲಿ ಬರೆದೆ: ಮೆರವಣಿಗೆ ಎಂದಿನಂತೆ.

ಅಕ್ಟೋಬರ್ 9, ಗುರುವಾರ

ಪ್ರಿಂಟಿನವನು ಎರಡು ಸಲ ತಪ್ಪು ಅಳತೆಯ ಬೋರ್ಡು ಕಳಿಸಿದ. ಮೂರನೆಯದನ್ನು ನಾನೇ ಏಣಿ ಹಾಕಿ ಅಂಟಿಸಿದೆ. ಎಡಕ್ಕೆ ಸ್ವಲ್ಪ ವಾಲಿದೆ, ನಾಳೆ ಸರಿಪಡಿಸಬೇಕು. ಮೇಯರ್ ಈಗ ಮಧ್ಯಾಹ್ನ ಊಟಕ್ಕೆ ಹೊರಗೆ ಹೋಗುತ್ತಾರೆ. ಮೊನ್ನೆ ಹಳೆಯ ಫಲಕ ಬಿಚ್ಚಲು ರತ್ನವ್ವ ಸ್ಕ್ರೂಡ್ರೈವರ್ ಹುಡುಕಿ ಕೊಟ್ಟಳು, ಎದಕ್ಕೆ ಎಂದು ಕೇಳಲಿಲ್ಲ.

ಅಂಟಿಸಿ ಇಳಿಯುವಷ್ಟರಲ್ಲಿ ಶಾಲೆಯ ಮಕ್ಕಳು ಬಂದರು, ಮೂವತ್ತು ಜನ, ಎಲ್ಲರ ಕೈಯಲ್ಲೂ ಪ್ರಶ್ನೆಗಳ ಹಾಳೆ. ಎರಡು ಜಡೆಯ ಒಂದು ಹುಡುಗಿ ಪ್ರಕಾಶ್ ಕೌರ್ ಮುಂದೆ ನಿಂತಿತು. ಒಂಬತ್ತು ವರ್ಷವಿರಬೇಕು.

"ಚಮಾರ್ ಅಂದರೇನು?"

ಟೀಚರು ಅವಸರದಲ್ಲಿ ಹತ್ತಿರ ಬಂದರು. ನಾನೇ ಹೇಳಿದೆ. ಬಾವಿ, ಚರ್ಮ, ಮುಟ್ಟದಿರುವುದು. ನಮ್ಮವರಿಗೆ ಬೇರೆ ಹೆಸರು, ನಮಗೆ ಕೊಟ್ಟ ಜಾಗ ಅದೇ ಎಂದೆ, ನನ್ನ ಹೆಸರನ್ನೂ ಹೇಳಿದೆ. ಮಕ್ಕಳು ಕೇಳಿದರು, ಇಬ್ಬರು ಆಕಳಿಸಿದರು.

ಹುಡುಗಿ ಫಲಕದ ಕೆಳಗಿನ ಸಾಲನ್ನು ಬೆರಳಿಟ್ಟು ಓದಿತು. "ಈ ಫಲಕದ ಮೊದಲ ರೂಪದಲ್ಲಿ ಮೇಯರ್ ಅವರ ಮಾತುಗಳನ್ನು ಅಳಿಸಲಾಗಿತ್ತು. ಅಳಿಸಿದವನು ನಾನು." ಕೆಳಗಿದ್ದ ಹೆಸರಿಗೆ ಹುಡುಗಿಯ ನಾಲಿಗೆ ಹೊರಳಲಿಲ್ಲ.

"ಇದು ಯಾರು?"

"ನಾನು."

ನನ್ನನ್ನು ನೋಡಿತು, ಫಲಕ ನೋಡಿತು.

"ಅದು ತಪ್ಪಲ್ಲವಾ?"

"ತಪ್ಪು," ಅಂದೆ.

ಹಾಳೆಯ ಕೊನೆಯಲ್ಲಿ 'ಇಂದು ನಾನು ಕಲಿತದ್ದು' ಎಂಬ ಖಾಲಿ ಜಾಗವಿತ್ತು. ಹುಡುಗಿ ಪೆನ್ಸಿಲು ನಾಲಿಗೆಗೆ ತಾಗಿಸಿ ನನ್ನ ಹೆಸರಿನ ಅಕ್ಷರ ಕೇಳಿತು. ಒಂದೊಂದಾಗಿ ಹೇಳಿದೆ. ಒಂದನ್ನು ತಪ್ಪು ಬರೆಯಿತು. ಅಳಿಸಿ ತಿದ್ದುವವರೆಗೂ ಕಾದು, ಮುಂದಿನದನ್ನು ಹೇಳಿದೆ.